ಮಳೆಯ ಬೆನ್ನು ಹತ್ತಿದ ಮಂದೆ

ತಾಂಜಾನಿಯಾದ ಸೆರೆಂಗೆಟಿಗೆ ದಕ್ಷಿಣದಿಂದ ಬರುವ ಸಫಾರಿ ವಾಹನಗಳೆಲ್ಲ ನಾಬಿ ಗುಡ್ಡದ ಗೇಟಿನಲ್ಲಿ ನಿಲ್ಲುತ್ತವೆ. ಗೈಡ್ ಪರ್ಮಿಟ್ಟಿನ ಕೆಲಸ ಮುಗಿಸಿ ಬರುವಷ್ಟರಲ್ಲಿ ಪಕ್ಕದ ಬಂಡೆಗುಡ್ಡ ಹತ್ತಿ ಇಳಿಯಬಹುದು. ಫೆಬ್ರವರಿಯಲ್ಲಿ ಅಲ್ಲಿ ನಿಂತಾಗ ಕೆಳಗೆಲ್ಲ ಹಸಿರು. ಆ ಹಸಿರಿನ ಮೇಲೆ ಕಣ್ಣು ಹಾಯುವಷ್ಟು ದೂರವೂ ಕಪ್ಪು ಚುಕ್ಕಿಗಳು. ಒಂದೊಂದು ಚುಕ್ಕಿಯೂ ಒಂದೊಂದು ವೈಲ್ಡ್‌ಬೀಸ್ಟ್. ಅದೇ ಬಂಡೆಯಿಂದ ಆಗಸ್ಟ್‌ನಲ್ಲಿ ನೋಡಿದರೆ ಹುಲ್ಲು ಒಣಗಿ ನೆಲಕ್ಕಂಟಿತ್ತು, ಗಾಳಿಗೆ ಧೂಳೇಳುತ್ತಿತ್ತು. ಒಂದು ಜೋಡಿ ಉಷ್ಟ್ರಪಕ್ಷಿ, ನೀರಿನ ಹಂಗಿಲ್ಲದೆ ಬಹುಕಾಲ ಬದುಕಬಲ್ಲ ಕೆಲವು ಗ್ರಾಂಟ್ಸ್ ಗೆಜೆಲ್‌ಗಳನ್ನು ಬಿಟ್ಟರೆ ಬಯಲು ಖಾಲಿ. ಲಕ್ಷಗಟ್ಟಲೆ ಪ್ರಾಣಿಗಳು ನೂರು ಕಿಲೋಮೀಟರಿಗೂ ಆಚೆ, ಕೀನ್ಯಾದ ಗಡಿಯ ಹತ್ತಿರ ಮೇಯುತ್ತಿದ್ದವು.

ವೈಲ್ಡ್‌ಬೀಸ್ಟ್ ವಲಸೆ ಎಂದಕೂಡಲೇ ನಮಗೆ ನೆನಪಾಗುವುದು ಟಿವಿಯಲ್ಲಿ ಕಂಡ ದೃಶ್ಯ: ಮೊಸಳೆ ತುಂಬಿದ ಮಾರಾ ನದಿ, ಎತ್ತರದ ದಡದಿಂದ ಧುಮುಕುವ ಮಂದೆ. ಅದು ವರ್ಷದ ನಡಿಗೆಯಲ್ಲಿ ಕೆಲವೇ ನಿಮಿಷಗಳ ಮಾತು. ಉಳಿದಷ್ಟೂ ದಿನ ಈ ಪ್ರಾಣಿಗಳು ಮಾಡುವುದು ಒಂದೇ ಕೆಲಸ, ಮಳೆ ಬಿದ್ದ ಕಡೆ ನಡೆದು ಹುಲ್ಲು ಮೇಯುವುದು. ದಕ್ಷಿಣದ ಬಯಲು, ಪಶ್ಚಿಮದ ಕುರುಚಲು ಕಾಡು, ಉತ್ತರದ ನದಿ, ಮತ್ತೆ ದಕ್ಷಿಣ. ಹೀಗೆ ಸುತ್ತುವ ಹಾದಿಗೆ ಇದೇ ಮೊದಲು, ಇದೇ ಕೊನೆ ಎಂದು ಗುರುತು ಹಾಕಲಾಗದು. ಇಡೀ ಸುತ್ತು ಒಂದು ಪ್ರವಾಸದಲ್ಲಿ ಕಾಣಸಿಗುವುದೂ ಇಲ್ಲ. ಕರು ಹಾಕುವ ಕಾಲಕ್ಕೆ ದಕ್ಷಿಣಕ್ಕೆ, ಹೊಳೆ ದಾಟುವ ಕಾಲಕ್ಕೆ ಉತ್ತರಕ್ಕೆ ಹೋಗಬೇಕು. ಹಾಗೆ ಹೋಗಿ ನೋಡಿದ ಜಾಗಗಳನ್ನು ಮಂದೆ ನಡೆಯುವ ಕ್ರಮದಲ್ಲೇ ಇಲ್ಲಿ ಪರಿಚಯಿಸುತ್ತಿದ್ದೇನೆ.

ಬೂದಿಯ ಮೇಲಿನ ಹುಲ್ಲು

ನಾಬಿಯ ದಕ್ಷಿಣಕ್ಕೆ ಎನ್‌ಡುಟು ಎಂಬ ಸರೋವರವಿದೆ. ಅದರ ಸುತ್ತಲಿನ ಬಯಲಿನಲ್ಲಿ ಮೈಲುಗಟ್ಟಲೆ ಹೋದರೂ ಮರ ಸಿಗದು. ಇದಕ್ಕೆ ಕಾರಣ ಪೂರ್ವದಿಕ್ಕಿನ ಜ್ವಾಲಾಮುಖಿಗಳು. ಕೆರಿಮಾಸಿ, ಓಲ್ ಡೊಯಿನ್ಯೊ ಲೆಂಗಾಯ್ ಪರ್ವತಗಳು ಸಾವಿರಾರು ವರ್ಷ ಉಗುಳಿದ ಬೂದಿಯನ್ನು ಗಾಳಿ ತಂದು ಇಲ್ಲಿ ಹರಡಿದೆ. ಮೇಲ್ಮಣ್ಣಿನಡಿ ಬೂದಿ ಗಟ್ಟಿಯಾಗಿ ಸುಣ್ಣದ ಪದರ ಕಟ್ಟಿದೆ. ಮರದ ಬೇರು ಅದನ್ನು ಸೀಳಿ ಇಳಿಯಲಾರದು. ಹುಲ್ಲಿನ ಬೇರಿಗೆ ಆ ತೊಂದರೆಯಿಲ್ಲ. ಮಳೆ ಬಿದ್ದರೆ ಸಾಕು, ಗೇಣುದ್ದವೂ ಇಲ್ಲದ ಹುಲ್ಲು ಎಲ್ಲೆಡೆ ಚಿಗುರುತ್ತದೆ. ಕ್ಯಾಲ್ಸಿಯಂ, ರಂಜಕ ತುಂಬಿದ ಹುಲ್ಲು ಅದು. ಹಾಲೂಡುವ ತಾಯಿಗೂ ಎಲುಬು ಬೆಳೆಯಬೇಕಾದ ಕರುವಿಗೂ ಬೇಕಾದದ್ದು ಇದೇ. ಅದಕ್ಕಾಗಿಯೇ ಮಂದೆ ಹೆರಿಗೆಗೆ ಇಲ್ಲಿಗೆ ಬರುತ್ತದೆ.

ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಇಲ್ಲಿ ಲಕ್ಷಾಂತರ ಕರುಗಳು ಹುಟ್ಟುತ್ತವೆ. ಅವುಗಳಲ್ಲಿ ಹೆಚ್ಚಿನವು ಎರಡು ಮೂರು ವಾರಗಳ ಒಳಗೇ ನೆಲಕ್ಕೆ ಬೀಳುತ್ತವೆ. ಹಾಗೆ ಬಿದ್ದ ಒಂದು ಕರುವನ್ನು ತೀರ ಹತ್ತಿರದಿಂದ ನೋಡಿದೆ. ತಾಯಿ ಒಮ್ಮೆ ಮಲಗಿ ಎದ್ದಿತು, ನಾಲ್ಕು ಹೆಜ್ಜೆ ನಡೆದು ಮತ್ತೆ ಮಲಗಿತು. ಬಾಲದಡಿ ಬೆಳ್ಳನೆಯ ಪೊರೆಯೊಳಗೆ ಎರಡು ಮುಂಗಾಲು ಕಾಣಿಸಿದವು. ಹಿಂದೆಯೇ ಮೂತಿ, ಆಮೇಲೆ ಇಡೀ ಮೈ ಜಾರಿ ಬಿತ್ತು. ತಾಯಿ ತಿರುಗಿ ನಿಂತು ನೆಕ್ಕತೊಡಗಿತು. ತೆಳು ಕಂದು ಬಣ್ಣದ ಕರು ಹಿಂಗಾಲೆತ್ತಿ ಮುಂದಕ್ಕೆ ಮುಗ್ಗರಿಸಿತು, ಮತ್ತೆ ಎದ್ದು ಪಕ್ಕಕ್ಕೆ ಉರುಳಿತು. ಕೊನೆಗೆ ನಾಲ್ಕು ಕಾಲನ್ನೂ ಅಗಲಿಸಿ ನಡುಗುತ್ತ ನಿಂತಿತು, ನಿಂತದ್ದೇ ಕೆಚ್ಚಲು ಹುಡುಕಿತು. ವೈಲ್ಡ್‌ಬೀಸ್ಟ್ ಕರು ಹುಟ್ಟಿದ ಆರೇಳು ನಿಮಿಷಕ್ಕೆ ಎದ್ದು ನಿಲ್ಲುತ್ತದೆ. ಒಂದೆರಡು ದಿನಕ್ಕೆ ಮಂದೆಯ ಜೊತೆ ಓಡುತ್ತದೆ. ಅಷ್ಟರಲ್ಲಿ ಎದ್ದರೆ ಬದುಕು, ಇಲ್ಲದಿದ್ದರೆ ಇಲ್ಲ. ಕೂಗಳತೆ ದೂರದಲ್ಲಿ ಎರಡು ಕತ್ತೆಕಿರುಬಗಳು ಮಾಸಿನ ವಾಸನೆಗೆ ಮೂಗೊಡ್ಡಿ ಕೂತೇ ಇದ್ದವು.

ಎಲ್ಲವೂ ಒಟ್ಟಿಗೇ ಹೆರುವುದರಲ್ಲಿ ಉಳಿವಿನ ದಾರಿಯಿದೆ. ಸಿಂಹ, ಕತ್ತೆಕಿರುಬ, ಚೀತಾಗಳು ಹೊಟ್ಟೆ ಬಿರಿಯೆ ತಿಂದರೂ ಆ ಎರಡು ಮೂರು ವಾರಗಳಲ್ಲಿ ಮುಗಿಸಬಲ್ಲದ್ದು ಸ್ವಲ್ಪವೇ. ಗುಂಪಿಗಿಂತ ಮೊದಲೋ ಬಹಳ ತಡವಾಗಿಯೋ ಹುಟ್ಟಿದ ಕರುಗಳಿಗೆ ಈ ಆಸರೆಯಿಲ್ಲ.

ಇಷ್ಟು ಒಳ್ಳೆಯ ಹುಲ್ಲಿರುವಾಗ ಇಲ್ಲೇ ಏಕೆ ಇರಬಾರದು? ಬೇಸಗೆಯಲ್ಲಿ ಇಲ್ಲಿ ಕುಡಿಯುವ ನೀರಿಲ್ಲ. ಎನ್‌ಡುಟು ಸರೋವರದ್ದು ಸವುಳು ನೀರು. ಈ ಭಾಗಕ್ಕೆ ಬೀಳುವ ಮಳೆ ವರ್ಷಕ್ಕೆ ಸುಮಾರು 500 ಮಿಲಿಮೀಟರ್. ಉತ್ತರಕ್ಕೆ ಅದರ ಇಮ್ಮಡಿ ಸುರಿಯುತ್ತದೆ. ಮೇ ಹೊತ್ತಿಗೆ ಹೊಂಡಗಳು ಬತ್ತಿ, ಹುಲ್ಲು ಒಣಗಿ, ಮಂದೆ ಹೊರಡಲೇಬೇಕಾಗುತ್ತದೆ.

ಯಾರ ಪಾಲು ಯಾರಿಗೆ

ನಾಬಿಯಿಂದ ಉದ್ಯಾನದ ನಡುವಿನ ಸೆರೊನೆರಾಕ್ಕೆ ಹೋಗುವ ಮಣ್ಣುರಸ್ತೆಯುದ್ದಕ್ಕೂ ಹುಲ್ಲು ಎತ್ತರವಾಗುತ್ತ ಬರುತ್ತದೆ. ಬಂಡೆಗುಡ್ಡಗಳು ಏಳುತ್ತವೆ, ಕೊಡೆ ಹಿಡಿದ ಆಕಾರದ ಅಕೇಶಿಯಾ ಮರಗಳು ಶುರುವಾಗುತ್ತವೆ. ಮಂದೆ ಇಲ್ಲಿಂದ ಪಶ್ಚಿಮಕ್ಕೆ, ಗ್ರುಮೆಟಿ ನದಿಯ ಕಡೆಗೂ ಸಾಗುತ್ತದೆ. ಮೇ ಕೊನೆಯಿಂದ ಜೂನ್‌ವರೆಗೆ ಬೆದೆಯ ಕಾಲ. ನಡೆನಡೆಯುತ್ತಲೇ ಗಂಡುಗಳು ಅಲ್ಲಲ್ಲಿ ಒಂದಿಷ್ಟು ಜಾಗ ಹಿಡಿದು, ಹೆಣ್ಣುಗಳನ್ನು ಅದರೊಳಗೆ ಅಟ್ಟಿ ತಂದು, ಪಕ್ಕದ ಗಂಡಿನೊಂದಿಗೆ ಮೊಣಕಾಲೂರಿ ಕೊಂಬಿಗೆ ಕೊಂಬು ಕೊಡುತ್ತವೆ. ಮಂದೆ ಮುಂದೆ ಸರಿದರೆ ಆ ಜಾಗವೂ ಹೋಯಿತು, ಹಕ್ಕೂ ಹೋಯಿತು. ಎಂಟು ತಿಂಗಳ ನಂತರ ಕರುಗಳು ಒಟ್ಟಿಗೆ ಹುಟ್ಟುವುದಕ್ಕೆ ಕಾರಣ ಈ ಕೆಲವೇ ವಾರಗಳ ಬೆದೆ.

ಎರಡು ಲಕ್ಷಕ್ಕೂ ಹೆಚ್ಚು ಜೀಬ್ರಾಗಳು, ಲಕ್ಷಾಂತರ ಥಾಮ್ಸನ್ಸ್ ಗೆಜೆಲ್‌ಗಳು ಇದೇ ಹಾದಿಯಲ್ಲಿ ಹೋಗುತ್ತವೆ. ಒಂದೇ ಹುಲ್ಲಿಗೆ ಇಷ್ಟು ಬಾಯಿ ಇದ್ದರೂ ಜಗಳವಿಲ್ಲ. ಹುಲ್ಲಿನ ಉದ್ದನೆಯ ಒರಟು ದಂಟನ್ನು ಜೀಬ್ರಾ ಮೇಯ್ದು ಹೋಗುತ್ತದೆ. ಅದರ ಹೊಟ್ಟೆಗೆ ಅದು ಅರಗುತ್ತದೆ. ಮೆಲುಕು ಹಾಕುವ ವೈಲ್ಡ್‌ಬೀಸ್ಟ್ ಅಗಲ ಬಾಯಿಯಿಂದ ಕೆಳಗಿನ ಎಲೆಭಾಗವನ್ನು ಕತ್ತರಿಸುತ್ತದೆ. ಕೊನೆಗೆ ಬುಡದಿಂದ ಮರಳಿ ಒಡೆಯುವ ಎಳೆ ಚಿಗುರು ಸಣ್ಣ ಮೂತಿಯ ಗೆಜೆಲ್‌ಗೆ. ಮೇಯದೆ ಬಿಟ್ಟ ಹುಲ್ಲು ಒಣಗಿದರೆ ಕಾಡಿಗೆ ಬೆಂಕಿ. ಮಂದೆ ಹಾದುಹೋದ ಕಡೆ ಬೆಂಕಿಗೆ ಉರುವಲಿಲ್ಲ. ಆದ್ದರಿಂದ ಮರದ ಸಸಿಗಳು ಉಳಿದು ಮೇಲೇಳುತ್ತವೆ. ವೈಲ್ಡ್‌ಬೀಸ್ಟ್‌ಗಳ ಸಂಖ್ಯೆ ಏರಿದ ದಶಕಗಳಲ್ಲಿ ಸೆರೆಂಗೆಟಿಯಲ್ಲಿ ಬೆಂಕಿ ಕಡಿಮೆಯಾಗಿ ಮರಗಳು ಹೆಚ್ಚಿದ್ದನ್ನು ಸಂಶೋಧಕರು ದಾಖಲಿಸಿದ್ದಾರೆ.

ಮಾರಾ ದಡದಲ್ಲಿ

ಸೆರೊನೆರಾದಿಂದ ಉತ್ತರಕ್ಕೆ, ಲೊಬೊ ದಾಟಿ ಕೊಗಾಟೆಂಡೆಗೆ ಬರುವಷ್ಟರಲ್ಲಿ ಮೂಳೆ ಅಲುಗಿರುತ್ತದೆ. ದಾರಿಯಲ್ಲಿ ತ್ಸೆತ್ಸೆ ನೊಣಗಳ ಕಾಟ ಬೇರೆ. ಕಪ್ಪು, ಗಾಢ ನೀಲಿ ಬಟ್ಟೆ ಕಂಡರೆ ಅವು ಬಿಡುವುದಿಲ್ಲ. ಕೊಗಾಟೆಂಡೆಯಲ್ಲಿ ಮಾರಾ ನದಿ ಸಿಗುತ್ತದೆ. ಕೀನ್ಯಾದ ಮಾವು ಎಂಬ ಎತ್ತರದ ಕಾಡುನಾಡಿನಲ್ಲಿ ಹುಟ್ಟಿ, ಮಸಾಯಿ ಮಾರಾ ಅಭಯಾರಣ್ಯವನ್ನೂ ಸೆರೆಂಗೆಟಿಯ ಉತ್ತರದ ಅಂಚನ್ನೂ ಹಾದು ವಿಕ್ಟೋರಿಯಾ ಸರೋವರ ಸೇರುವ ಹೊಳೆ ಇದು. ಎಂಥ ಬೇಸಗೆಯಲ್ಲೂ ಬತ್ತದ ನೀರು ಈ ನಾಡಿಗೆ ಇದೊಂದೇ. ಮಂದೆ ಇಷ್ಟು ದೂರ ಬರುವುದು ಇದಕ್ಕಾಗಿ. ಉತ್ತರದ ಹುಲ್ಲು ದಕ್ಷಿಣದ್ದರಷ್ಟು ಪುಷ್ಟಿಯದಲ್ಲ. ಬರಗಾಲ ಕಳೆಯಲು ಇದು ಸಾಕು, ಕರು ಬೆಳೆಸಲು ಸಾಲದು. ನವೆಂಬರ್‌ನಲ್ಲಿ ದಕ್ಷಿಣಕ್ಕೆ ಮೊದಲ ಮಳೆ ಬಿದ್ದೊಡನೆ ಎಲ್ಲವೂ ಹಿಂದಿರುಗುತ್ತವೆ.

ಜುಲೈಯಿಂದ ಅಕ್ಟೋಬರ್‌ವರೆಗೆ ಮಂದೆ ಈ ಹೊಳೆಯನ್ನು ದಾಟುವುದು ಒಮ್ಮೆ ಮಾತ್ರವಲ್ಲ. ಆಚೆ ಮೋಡ ಕಟ್ಟಿದರೆ ಆಚೆ, ಈಚೆ ಚಿಗುರಿದರೆ ಈಚೆ. ಯಾವಾಗ, ಯಾವ ಕಡವಿನಲ್ಲಿ ಎಂದು ಯಾರೂ ಹೇಳಲಾರರು. ನಮ್ಮ ಗೈಡ್ ದಡದಿಂದ ಸಾಕಷ್ಟು ಹಿಂದೆ, ಪೊದೆಗಳ ಮರೆಗೆ ವಾಹನ ನಿಲ್ಲಿಸಿ ಎಂಜಿನ್ ಆರಿಸಿದರು. ದಾಟು ಶುರುವಾಗುವ ತನಕ ದಡದ ಹತ್ತಿರ ಹೋಗುವಂತಿಲ್ಲ ಎಂಬುದು ನಿಯಮ.

ಎದುರಿಗೆ ಸಾವಿರಾರು ಪ್ರಾಣಿಗಳು ಒತ್ತಿ ನಿಂತಿದ್ದವು. ಭಾರವಾದ ಎದೆ, ಇಳಿಜಾರಾದ ಹಿಂಭಾಗ, ಉದ್ದ ಮುಖ, ಗಲ್ಲದಡಿ ಬಿಳಿ ಗಡ್ಡ. ಅವುಗಳ ಗೊರಗೊರ ಸದ್ದು ಮಳೆ ಬಿದ್ದ ಸಂಜೆ ಕೆರೆಯಂಗಳದಲ್ಲಿ ಕಪ್ಪೆಗಳು ಒಟ್ಟಾಗಿ ಕೂಗುವುದನ್ನೇ ಹೋಲುತ್ತಿತ್ತು. ಜೀಬ್ರಾಗಳ ಒಂದು ಸಾಲು ನೀರಿಗಿಳಿಯಿತು, ಬಾಯಿ ಹಾಕಿತು, ಬೆದರಿ ಓಡಿಬಂತು. ಮಂದೆಯೂ ಹಿಂದೆ ಸರಿಯಿತು. ಹೀಗೇ ಮತ್ತೆ ಮತ್ತೆ. ಬಿಸಿಲು ನೆತ್ತಿಗೇರಿದ ಮೇಲೆ ಒಂದು ವೈಲ್ಡ್‌ಬೀಸ್ಟ್ ದಡದ ಸೀಳಿನಲ್ಲಿ ಜಾರಿ ನೀರಿಗೆ ಬಿತ್ತು, ಈಜತೊಡಗಿತು. ಅಷ್ಟೇ ಸಾಕಾಯಿತು. ಹಿಂದಿನದು ಮುಂದಿನದರ ಬೆನ್ನಿಗೆ, ಅದರ ಹಿಂದಿನದು ಅದರ ಬೆನ್ನಿಗೆ, ಧೂಳು ಎದ್ದು ದಡವೇ ಮಾಯವಾಯಿತು. ನೀರಿನಲ್ಲಿ ತಲೆ ಮತ್ತು ಕೊಂಬುಗಳ ಸಾಲು. ಸೆಳವಿಗೆ ಸಿಕ್ಕಿ ಆ ಸಾಲು ಕೆಳಕ್ಕೆ ಬಾಗಿತ್ತು.

ಮೊಸಳೆ ಒಂದನ್ನು ಹಿಡಿದದ್ದಷ್ಟೇ ಕಂಡಿತು. ಹೆಚ್ಚಿನ ಸಾವು ಆಚೆಯ ದಡದಲ್ಲಾಯಿತು. ಅಲ್ಲಿ ಹತ್ತಲು ಇದ್ದದ್ದು ಒಂದೇ ಕಿರಿದಾದ ಸೀಳು. ಮೊದಲು ಹತ್ತಿದವುಗಳ ಗೊರಸಿಗೆ ಮಣ್ಣು ಜಾರಿ ಕೆಸರಾಯಿತು, ಹಿಂದಿನವು ಮೇಲೆ ಬಿದ್ದವು, ಅಡಿಯಲ್ಲಿದ್ದವು ಏಳಲಿಲ್ಲ. ದಾಟಿ ಹೋದ ಒಂದು ತಾಯಿ ಮೇಲಿನಿಂದ ತಿರುಗಿ ನೋಡಿತು. ಅದರ ಕರು ಈಚೆಯ ದಡದಲ್ಲೇ ಉಳಿದು ತೆಳು ದನಿಯಲ್ಲಿ ಕೂಗುತ್ತಿತ್ತು. ತಾಯಿ ಆ ನೂಕುನುಗ್ಗಲಿಗೆ ಎದುರಾಗಿ ಇಳಿದು, ಹೊಳೆ ಈಜಿ, ಕರುವಿನ ಮೈ ಮೂಸಿ ನಿಂತಿತು. ಆ ಗದ್ದಲದಲ್ಲಿ ಒಂದು ದನಿಯನ್ನು ಗುರುತು ಹಿಡಿದ ತಾಯಿಯ ಮೇಲಿನಿಂದ ನನ್ನ ಕಣ್ಣು ಬಹಳ ಹೊತ್ತು ಕದಲಲಿಲ್ಲ.

ಮರುದಿನ ಇನ್ನೊಂದು ಕಡವಿನಲ್ಲಿ ಕಂಡದ್ದು ಸಂಕಟದ ದೃಶ್ಯ. ಮಂದೆ ನೀರಿಗಿಳಿಯುವ ಮೊದಲೇ ಹಲವು ವಾಹನಗಳು ಅದು ಹತ್ತಿ ಬರಬೇಕಾದ ಜಾಗಕ್ಕೇ ನುಗ್ಗಿ ನಿಂತವು. ಅರ್ಧ ಹೊಳೆ ಈಜಿದ್ದ ಪ್ರಾಣಿಗಳು ಎದುರಿಗೆ ಕಬ್ಬಿಣದ ಗೋಡೆ ಕಂಡು ತಿರುಗಿದವು. ಹಿಂದಿನಿಂದ ಬರುತ್ತಿದ್ದವುಗಳಿಗೆ ಡಿಕ್ಕಿಯಾಗಿ ಹಲವು ಮುಳುಗಿದವು. ಅವು ಮೊಸಳೆಗೆ ಆಹಾರವಾದವು ನಿಜ, ಸಾಯಿಸಿದ್ದು ಮಾತ್ರ ಒಂದು ಫೋಟೊದ ಆಸೆ. ಇದನ್ನು ಪ್ರಕೃತಿಯ ನಿಯಮ ಎನ್ನಲಾಗದು.

ಹೊಳೆಯಲ್ಲಿ ಸತ್ತವುಗಳ ಲೆಕ್ಕವನ್ನೂ ವಿಜ್ಞಾನಿಗಳು ಇಟ್ಟಿದ್ದಾರೆ. 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಸಾಮೂಹಿಕವಾಗಿ ಮುಳುಗಿ ವರ್ಷಕ್ಕೆ ಸರಾಸರಿ 6,250 ವೈಲ್ಡ್‌ಬೀಸ್ಟ್‌ಗಳು ಸಾಯುತ್ತವೆ. ಅಂದರೆ ಸುಮಾರು 1,100 ಟನ್ ಮೈ ಮಾಂಸ ಹೊಳೆ ಸೇರುತ್ತದೆ. ರಣಹದ್ದು, ಮರಬೂ ಕೊಕ್ಕರೆ, ಮೊಸಳೆ, ಮೀನು ಎಲ್ಲಕ್ಕೂ ಇದರಲ್ಲಿ ಪಾಲು. ಮೆತ್ತನೆಯ ಭಾಗ ಕೆಲವೇ ವಾರಗಳಲ್ಲಿ ಕರಗಿದರೆ ಎಲುಬುಗಳು ಏಳು ವರ್ಷಗಳ ತನಕ ನಿಧಾನವಾಗಿ ರಂಜಕ ಬಿಡುತ್ತಿರುತ್ತವೆ. ಅವುಗಳ ಮೇಲೆ ಕಟ್ಟುವ ಪಾಚಿಯನ್ನೂ ಮೀನು ತಿನ್ನುತ್ತದೆ. ದಕ್ಷಿಣದ ಹುಲ್ಲು ಹೀಗೆ ಉತ್ತರದ ನೀರಿಗೂ ಊಟವಾಗುತ್ತದೆ.

ದನದ ಲಸಿಕೆ, ಕಾಡಿನ ಕರು

ಈ ನೋಟ ಅನಾದಿಯಿಂದ ಹೀಗೇ ಇತ್ತು ಎಂದುಕೊಳ್ಳಬೇಡಿ. 1890ರ ದಶಕದಲ್ಲಿ ರಿಂಡರ್‌ಪೆಸ್ಟ್, ನಮ್ಮ ರೈತರ ಮಾತಿನಲ್ಲಿ ದೊಡ್ಡರೋಗ, ಪೂರ್ವ ಆಫ್ರಿಕಾಕ್ಕೆ ನುಗ್ಗಿ ಮಸಾಯಿ ಜನರ ದನಗಳನ್ನೂ ಕಾಡಿನ ಎಮ್ಮೆ, ವೈಲ್ಡ್‌ಬೀಸ್ಟ್‌ಗಳನ್ನೂ ಒಟ್ಟಿಗೆ ಬಲಿ ತೆಗೆದುಕೊಂಡಿತು. ದನ ಹೋದ ಮೇಲೆ ಮಸಾಯಿಗಳು ಹಸಿವಿನಿಂದ ಸತ್ತರು. ರೋಗ ದಶಕಗಟ್ಟಲೆ ಅಲ್ಲೇ ನೆಲೆಸಿ ಕಾಡಿನ ಎಳೆಗರುಗಳನ್ನು ಕೊಲ್ಲುತ್ತಲೇ ಇತ್ತು.

ಸೆರೆಂಗೆಟಿಯ ಪಕ್ಕದ ಎನ್‌ಗೊರೊಂಗೊರೊ ಜ್ವಾಲಾಮುಖಿ ಕುಳಿಯ ಅಂಚಿನ ರಸ್ತೆಯಲ್ಲಿ ಒಂದು ಕಲ್ಲುಗೋರಿ ಇದೆ. ಜರ್ಮನಿಯ ಬರ್ನ್‌ಹಾರ್ಡ್ ಗ್ರಿಮೆಕ್ ಮತ್ತು ಅವರ ಮಗ ಮೈಕೆಲ್ ಅವರ ಸಮಾಧಿ ಅದು. 1958ರಲ್ಲಿ ತಂದೆ ಮಗ ಜೀಬ್ರಾ ಪಟ್ಟೆ ಬಳಿದ ಪುಟ್ಟ ವಿಮಾನದಲ್ಲಿ ಹಾರಿ ಸೆರೆಂಗೆಟಿಯ ಪ್ರಾಣಿಗಳನ್ನು ಎಣಿಸಿದರು. 1959ರ ಜನವರಿಯಲ್ಲಿ ವಿಮಾನಕ್ಕೆ ರಣಹದ್ದು ಬಡಿದು ಮೈಕೆಲ್ ಸತ್ತರು. ತಂದೆ ಮಗನ ಎಣಿಕೆಗೆ ಸಿಕ್ಕಿದ ವೈಲ್ಡ್‌ಬೀಸ್ಟ್‌ಗಳು ಒಂದು ಲಕ್ಷಕ್ಕೆ ಕೊಂಚ ಕಡಿಮೆ. 1961ರ ಎಣಿಕೆಯಲ್ಲಿ ಸುಮಾರು ಎರಡೂವರೆ ಲಕ್ಷ.

ಆ ಹೊತ್ತಿಗೆ ನೈರೋಬಿ ಸಮೀಪದ ಮುಗುಗಾದಲ್ಲಿ ವಾಲ್ಟರ್ ಪ್ಲೋರೈಟ್ ಅವರ ತಂಡ ದೊಡ್ಡರೋಗಕ್ಕೆ ಅಗ್ಗದ, ಸುರಕ್ಷಿತ ಲಸಿಕೆ ಕಂಡುಹಿಡಿದಿತ್ತು. ಸೆರೆಂಗೆಟಿ ಸುತ್ತಲಿನ ದನಗಳಿಗೆ ಲಸಿಕೆ ಬಿತ್ತು. 1963ರ ವೇಳೆಗೆ ಕಾಡಿನಲ್ಲೂ ರೋಗ ನಿಂತಿತು. ಕಾಡಿನ ಒಂದು ಪ್ರಾಣಿಗೂ ಸೂಜಿ ಚುಚ್ಚಿರಲಿಲ್ಲ. ಬದುಕುಳಿದ ಕರುಗಳು ಹೆಚ್ಚಿದವು, ಬೇಸಗೆಯ ಮಳೆಯೂ ಕೈಹಿಡಿಯಿತು, 1977ರ ಹೊತ್ತಿಗೆ ಸಂಖ್ಯೆ 13 ಲಕ್ಷ ದಾಟಿತು. ಇವತ್ತಿಗೂ ಎಲ್ಲರೂ ಹೇಳುವ ಲೆಕ್ಕ ಅದೇ. ಉಪಗ್ರಹ ಚಿತ್ರಗಳನ್ನು ಕಂಪ್ಯೂಟರಿನಿಂದ ಎಣಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಮಾತ್ರ ಆರು ಲಕ್ಷಕ್ಕಿಂತ ಕಡಿಮೆ ಎಂದಿದೆ.

ದೊಡ್ಡರೋಗದ ಕಥೆಯಲ್ಲಿ ನಮ್ಮ ಪಾಲೂ ಇದೆ. ಅದರ ಸೀರಂ ತಯಾರಿಸಲೆಂದೇ 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸೀರಂ ಸಂಸ್ಥೆ ಶುರುವಾಗಿತ್ತು. ಮುಂದೆ ಪ್ಲೋರೈಟ್ ಲಸಿಕೆ ಭಾರತದ ದನಗಳಿಗೂ ಬಂತು. 2006ರಲ್ಲಿ ಭಾರತ, 2011ರಲ್ಲಿ ಇಡೀ ಜಗತ್ತು ಈ ರೋಗದಿಂದ ಮುಕ್ತವೆಂದು ಘೋಷಣೆಯಾಯಿತು. ಹಳ್ಳಿಯ ಕೊಟ್ಟಿಗೆಗೆ ಹೋದ ಲಸಿಕೆ ಕಾಡನ್ನು ತುಂಬಿಸಿತು. ದನ ಸಾಕುವವರನ್ನು ಹೊರಗಿಟ್ಟು ಕಾಡು ಉಳಿಸುತ್ತೇವೆ ಎನ್ನುವವರು ಈ ಇತಿಹಾಸ ಓದಬೇಕು.

ಮುಚ್ಚಿದ ಹಾದಿ

ವಲಸೆಗೆ ಬೇಕಾದದ್ದು ಒಂದು ಅಭಯಾರಣ್ಯವಷ್ಟೇ ಅಲ್ಲ, ತೆರೆದ ಹಾದಿ. ಸೆರೆಂಗೆಟಿ ಉದ್ಯಾನ ಸುಮಾರು 14,750 ಚದರ ಕಿಲೋಮೀಟರ್ ಇದ್ದರೂ ಮಂದೆಯ ಸುತ್ತು ಪಕ್ಕದ ಎನ್‌ಗೊರೊಂಗೊರೊ, ಲೊಲಿಯೊಂಡೊ, ಕೀನ್ಯಾದ ಮಸಾಯಿ ಮಾರಾ ಎಲ್ಲಕ್ಕೂ ಚಾಚಿದೆ. ಹಾದಿ ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಬೋಟ್ಸ್ವಾನಾ ಸಾಕ್ಷಿ. ದನಗಳ ರೋಗ ತಡೆಯಲು ಅಲ್ಲಿ 1950ರ ದಶಕದಲ್ಲಿ ಹಾಕಿದ ಕುಕೆ ಬೇಲಿ ಕಲಹರಿಯ ವೈಲ್ಡ್‌ಬೀಸ್ಟ್‌ಗಳನ್ನು ನೀರಿನಿಂದ ದೂರ ಮಾಡಿತು. 1980ರ ದಶಕದ ಬರದಲ್ಲಿ ಅವು ಸಾವಿರ ಸಾವಿರವಾಗಿ ಸತ್ತವು. ನೈರೋಬಿ ಪಕ್ಕದ ಅಥಿ-ಕಪಿಟಿ ಬಯಲಿನಲ್ಲೂ, ಮಾರಾ ಪೂರ್ವದ ಲೊಯ್ಟಾ ಬಯಲಿನಲ್ಲೂ ಬೇಲಿ, ಹೊಲ, ಊರುಗಳು ಬೆಳೆದಂತೆ ಸ್ಥಳೀಯ ವಲಸೆಗಳು ಕುಸಿದಿವೆ.

2010ರಲ್ಲಿ ಉತ್ತರ ಸೆರೆಂಗೆಟಿಯನ್ನು ಸೀಳುವ ಹೆದ್ದಾರಿಯ ಪ್ರಸ್ತಾಪ ಬಂದಾಗ ಜಗತ್ತಿನಾದ್ಯಂತ ವಿರೋಧ ಎದ್ದಿತು. 2014ರಲ್ಲಿ ಪೂರ್ವ ಆಫ್ರಿಕಾ ನ್ಯಾಯಾಲಯ ಉದ್ಯಾನದೊಳಗೆ ಡಾಂಬರು ರಸ್ತೆ ಮಾಡಬಾರದೆಂದು ತೀರ್ಪು ಕೊಟ್ಟಿತು. ಮಾವು ಕಾಡಿನ ಕಡಿತದ ಚಿಂತೆ ಮಾತ್ರ ಉಳಿದೇ ಇದೆ. ಮಾರಾ ಬಡವಾದರೆ ಬರದ ವರ್ಷ ಮಂದೆಗೆ ಬೇರೆ ಆಸರೆಯಿಲ್ಲ.

ಮಸಾಯಿಗಳ ಪ್ರಶ್ನೆಯನ್ನು ಬದಿಗಿಟ್ಟು ಈ ಹಾದಿ ಉಳಿಯದು. 1959ರಲ್ಲಿ ಸೆರೆಂಗೆಟಿ ಬಿಟ್ಟುಕೊಟ್ಟು ಎನ್‌ಗೊರೊಂಗೊರೊಗೆ ಬಂದವರು ಅವರು. 2022ರಲ್ಲಿ ಲೊಲಿಯೊಂಡೊದಲ್ಲಿ ಸರ್ಕಾರ ಮತ್ತೆ ಗಡಿಕಲ್ಲು ನೆಡಲು ಹೋದಾಗ ಘರ್ಷಣೆಯಾಯಿತು. ಗಡಿಯಾಚೆ, ಕೀನ್ಯಾದ ಮಾರಾ ಸುತ್ತಲಿನ ಕನ್ಸರ್ವೆನ್ಸಿಗಳಲ್ಲಿ ಬೇರೊಂದು ದಾರಿ ಕಾಣುತ್ತದೆ: ಮಸಾಯಿ ಕುಟುಂಬಗಳು ತಮ್ಮ ಜಮೀನಿಗೆ ಬೇಲಿ ಹಾಕದೆ ಪ್ರವಾಸೋದ್ಯಮಕ್ಕೆ ಗುತ್ತಿಗೆ ಕೊಟ್ಟು ತಿಂಗಳ ಬಾಡಿಗೆ ಪಡೆಯುತ್ತವೆ, ನಿಗದಿಯಾದ ಕ್ರಮದಲ್ಲಿ ದನವನ್ನೂ ಮೇಯಿಸುತ್ತವೆ. ಕುಂದುಕೊರತೆ ಇದ್ದರೂ ಹಾದಿ ತೆರೆದಿಟ್ಟವರಿಗೆ ಹಣ ಸಲ್ಲುವ ವ್ಯವಸ್ಥೆ ಇದು.

ಹೋಗುವವರಿಗೆ

ಮುಂಬೈಯಿಂದ ನೈರೋಬಿಗೆ ನೇರ ವಿಮಾನವಿದೆ. ಸೆರೆಂಗೆಟಿಗೆ ಹೋಗುವವರು ಕಿಲಿಮಂಜಾರೊ ವಿಮಾನ ನಿಲ್ದಾಣದಲ್ಲಿಳಿದು ಅರೂಷಾದಿಂದ ಹೊರಡುತ್ತಾರೆ. ಹಳದಿ ಜ್ವರದ ಲಸಿಕೆ ಹಾಕಿಸಿ ಕನಿಷ್ಠ 10 ದಿನ ಆಗಿರಬೇಕು. ಸರ್ಟಿಫಿಕೇಟ್ ಇಲ್ಲದಿದ್ದರೆ ಕೀನ್ಯಾದಿಂದ ಭಾರತಕ್ಕೆ ಮರಳುವಾಗ ಪ್ರತ್ಯೇಕವಾಸ ತಪ್ಪದು. ಕೀನ್ಯಾ, ತಾಂಜಾನಿಯಾ ಎರಡರಲ್ಲೂ ಪ್ಲಾಸ್ಟಿಕ್ ಚೀಲ ನಿಷೇಧ. ಮಸಾಯಿ ಮಾರಾದಲ್ಲಿ ವಿದೇಶಿಯರಿಗೆ 2024ರಿಂದ ಪ್ರವೇಶ ಶುಲ್ಕ ಜುಲೈ–ಡಿಸೆಂಬರ್‌ನಲ್ಲಿ ದಿನಕ್ಕೆ 200 ಡಾಲರ್, ಉಳಿದ ತಿಂಗಳು 100 ಡಾಲರ್. ಎನ್‌ಗೊರೊಂಗೊರೊ ಎತ್ತರದಲ್ಲಿರುವುದರಿಂದ ಬೆಚ್ಚನೆಯ ಉಡುಪು ಬೇಕೇ ಬೇಕು.

ಬುಕಿಂಗ್ ಮಾಡುವಾಗಲೇ ಒಂದು ಮಾತು ಹೇಳಿಬಿಡಿ: ನಮಗೆ ಹೊಳೆ ದಾಟುವುದು ಕಾಣದಿದ್ದರೂ ಸರಿ, ದಡಕ್ಕೆ ಅಡ್ಡ ನಿಲ್ಲಿಸಬೇಡಿ. ಗೈಡ್‌ಗಳು ಎಷ್ಟೋ ಸಲ ನುಗ್ಗುವುದು ಗಿರಾಕಿ ಬೇಸರಪಟ್ಟುಕೊಂಡಾರು ಎಂಬ ಅಂಜಿಕೆಯಿಂದ. ನಾವೇ ಬೇಡವೆಂದರೆ ಅವರಿಗೂ ಬಲ ಬರುತ್ತದೆ.

ಒಂದೇ ಸಲ ಹೋಗಲು ಅನುಕೂಲ ಇರುವವರಿಗೆ ನನ್ನ ಆಯ್ಕೆ ಫೆಬ್ರವರಿಯ ದಕ್ಷಿಣ ಬಯಲು. ಮಾರಾದಲ್ಲಿ ಪ್ರಾಣಿಗಳು ಹೇಗೆ ಸಾಯುತ್ತವೆ ಎಂಬುದು ಕಾಣುತ್ತದೆ. ಎನ್‌ಡುಟುವಿನಲ್ಲಿ ಮಣ್ಣು, ಮಳೆ, ಹುಲ್ಲು, ಹಾಲು ಒಂದಕ್ಕೊಂದು ಸೇರಿ ಅವು ಹೇಗೆ ಹುಟ್ಟಿ ಬೆಳೆಯುತ್ತವೆ ಎಂಬುದು ಕಾಣುತ್ತದೆ. ಅದನ್ನು ಕಂಡವರಿಗೆ ಬೇಲಿಯಿಲ್ಲದ ನೆಲದ ಬೆಲೆಯನ್ನು ಬೇರೆಯಾಗಿ ವಿವರಿಸಬೇಕಿಲ್ಲ.